ಕೈಕೊಟ್ಟ ಕೋವಿ

1967ರ ಮೇ ತಿಂಗಳಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಆಸ್‌ಬರಿ ಪಾರ್ಕ್ ಎಂಬ ಕಡಲತಡಿಯ ಊರಿನ ದಿನಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಬರೆದವನು ವಿಯೆಟ್ನಾಮಿನಲ್ಲಿ ಕಾದುತ್ತಿದ್ದ ಮರೀನ್ ದಳದ ಒಬ್ಬ ಸಾಮಾನ್ಯ ಸೈನಿಕ. ಬರೆದದ್ದು ಮನೆಯವರಿಗೆ. ತನ್ನ ಪ್ಲಟೂನಿನಿಂದ 72 ಮಂದಿ ಹೊರಟೆವು, 19 ಮಂದಿ ಹಿಂದಿರುಗಿದೆವು ಎಂದು ಅವನು ಲೆಕ್ಕ ಕೊಟ್ಟಿದ್ದ. ಅದಕ್ಕಿಂತ ಭಯಂಕರವಾದ ಮಾತು ಮುಂದಿತ್ತು. ನಮ್ಮಲ್ಲಿ ಬಹಳ ಮಂದಿಯನ್ನು ಕೊಂದದ್ದು ಶತ್ರುವಲ್ಲ, ನಮ್ಮದೇ ರೈಫಲ್ ಎಂದು ಅವನು ದೂರಿದ್ದ. ಸತ್ತವರಲ್ಲಿ ಹೆಚ್ಚುಕಡಿಮೆ ಎಲ್ಲರ ಪಕ್ಕದಲ್ಲೂ ಬಿಚ್ಚಿಹಾಕಿದ ರೈಫಲ್ ಬಿದ್ದಿತ್ತಂತೆ. ಗುಂಡಿನ ಮಳೆಯ ನಡುವೆ ಅದನ್ನು ಸರಿಮಾಡಲು ಹೆಣಗುತ್ತಲೇ ಅವರು ಪ್ರಾಣ ಬಿಟ್ಟಿದ್ದರು. ಜೇಮ್ಸ್ ಹೊವಾರ್ಡ್ ಎಂಬ ಆ ಸೀಮೆಯ ಸಂಸದ ಪತ್ರವನ್ನು ಅಮೆರಿಕದ ಸಂಸತ್ತಿನಲ್ಲಿ ಓದಿದ. ಅಲ್ಲಿಯವರೆಗೆ ಅಂಗಡಿಕಟ್ಟೆಯ ಗುಸುಗುಸು ಆಗಿದ್ದದ್ದು ಅಂದಿನಿಂದ ರಾಷ್ಟ್ರದ ಪ್ರಶ್ನೆಯಾಯಿತು.

ಪತ್ರದ ಹಿಂದಿದ್ದದ್ದು ಖೆ ಸಾನ್ ಸುತ್ತಲಿನ ಗುಡ್ಡಗಳ ಕಾಳಗ. ಲಾವೋಸ್ ಗಡಿಗೆ ಹತ್ತಿರದ ಆ ಗುಡ್ಡಗಳಿಗೆ ಹೆಸರಿರಲಿಲ್ಲ, ನಕಾಶೆಯಲ್ಲಿ ಬರೆದ ಎತ್ತರವೇ ಹೆಸರು: 861, 881 ದಕ್ಷಿಣ, 881 ಉತ್ತರ. 1967ರ ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ ನಡೆದ ಕಾದಾಟದಲ್ಲಿ 155 ಮರೀನ್ ಸೈನಿಕರು ಸತ್ತರು, 425 ಮಂದಿ ಗಾಯಗೊಂಡರು. ಅವರ ಕೈಯಲ್ಲಿದ್ದ ಎಂ-16 ರೈಫಲ್ ಬಂದು ಕೆಲವೇ ವಾರಗಳಾಗಿದ್ದವು. ಅದಕ್ಕೆ ಮೊದಲು ಅವರು ಹೊತ್ತದ್ದು ಮರದ ಹಿಡಿಯ, 4 ಕಿಲೋ ದಾಟುವ ಎಂ-14. ಆ ಹಳೆಯ ಭಾರವನ್ನು ಬೈಯುತ್ತಿದ್ದವರೇ ಗುಡ್ಡ ಇಳಿದ ಮೇಲೆ ಅದನ್ನು ವಾಪಸ್ ಕೊಡಿ ಎಂದು ಕೇಳತೊಡಗಿದರು.

ವಿಚಿತ್ರವೆಂದರೆ ಇದೇ ಎಂ-16ನ್ನು ಒಂದೂವರೆ ವರ್ಷದ ಹಿಂದೆ ಸೈನಿಕರು ಹೊಗಳಿದ್ದರು. 1965ರ ನವೆಂಬರ್‌ನಲ್ಲಿ ಇಯಾ ಡ್ರಾಂಗ್ ಕಣಿವೆಯಲ್ಲಿ ಅಮೆರಿಕದ ಸೈನ್ಯಕ್ಕೂ ಉತ್ತರ ವಿಯೆಟ್ನಾಮಿನ ಖಾಯಂ ಪಡೆಗೂ ಮೊದಲ ದೊಡ್ಡ ಮುಖಾಮುಖಿ ಆದಾಗ, ಅಲ್ಲಿ ಬೆಟಾಲಿಯನ್ ನಡೆಸಿದ ಲೆಫ್ಟಿನೆಂಟ್ ಕರ್ನಲ್ ಹ್ಯಾಲ್ ಮೂರ್, ಗೆಲುವಿಗೆ ಕಾರಣ ತನ್ನ ಧೀರ ಸೈನಿಕರು ಮತ್ತು ಎಂ-16 ಎಂದು ಹೇಳಿದ. ಅದರ ಬೆನ್ನಿಗೇ ವಿಯೆಟ್ನಾಮಿನಲ್ಲಿದ್ದ ಅಮೆರಿಕದ ದಂಡನಾಯಕ ಜನರಲ್ ವೆಸ್ಟ್‌ಮೋರ್ಲೆಂಡ್ ತನ್ನ ಪಡೆಗಳಿಗೆಲ್ಲ ಇದೇ ರೈಫಲ್ ಬೇಕು, ಅದೂ ಬೇಗ ಬೇಕು ಎಂದು ವಾಷಿಂಗ್ಟನ್‌ಗೆ ಬರೆದ. ಹಾಗಾದರೆ ಯಾರ ಮಾತು ನಿಜ? ಕರ್ನಲ್‌ನದೋ, ಗುಡ್ಡದ ಮೇಲಿನ ಹುಡುಗನದೋ? ಇಬ್ಬರದ್ದೂ ನಿಜ. ಹೇಗೆ ಎಂಬುದನ್ನು ತಿಳಿಯಬೇಕಾದರೆ ಈ ರೈಫಲಿನ ಜಾತಕವನ್ನು ಸ್ವಲ್ಪ ಬಿಡಿಸಬೇಕು.

ಯುಜೀನ್ ಸ್ಟೋನರ್ ಎಂಬ ತಂತ್ರಜ್ಞ ಕ್ಯಾಲಿಫೋರ್ನಿಯಾದ ಆರ್ಮಲೈಟ್ ಎಂಬ ಸಣ್ಣ ಕಂಪನಿಯಲ್ಲಿ 1950ರ ದಶಕದ ಕೊನೆಗೆ ರೂಪಿಸಿದ ಎಆರ್-15ರ ಮರುಹೆಸರೇ ಎಂ-16. ಆ ಕಂಪನಿ ಒಂದು ವಿಮಾನ ಕಾರ್ಖಾನೆಯ ಅಂಗ. ಹಾಗಾಗಿ ಮರ ಮತ್ತು ಉಕ್ಕಿನ ಜಾಗದಲ್ಲಿ ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ ಬಂದವು, ತೂಕ ಸುಮಾರು 3 ಕಿಲೋಗೆ ಇಳಿಯಿತು. ಗುಂಡೂ ಚಿಕ್ಕದು, 5.56 ಮಿಲಿಮೀಟರ್. ಹಗುರ ಗುಂಡಾದ್ದರಿಂದ ಒಬ್ಬ ಸೈನಿಕ ಮೊದಲು ಹೊರುತ್ತಿದ್ದ ತೂಕದಲ್ಲೇ ಹೆಚ್ಚುಕಡಿಮೆ ಎರಡರಷ್ಟು ತೋಟಾ ಹೊರಬಹುದಿತ್ತು. ಪದಾತಿ ಕಾಳಗದಲ್ಲಿ ಗುಂಡಿನ ಚಕಮಕಿ ಬಹುಪಾಲು 300 ಗಜದ ಒಳಗೇ ನಡೆಯುತ್ತದೆ ಎಂದು ಕೊರಿಯಾ ಯುದ್ಧದ ಕಾಲದ ಅಧ್ಯಯನಗಳು ತೋರಿಸಿಕೊಟ್ಟಿದ್ದವು. ಅರ್ಧ ಮೈಲಿ ಹಾರುವ ದೊಡ್ಡ ಗುಂಡಿನ ಅಗತ್ಯವೇನು ಎಂಬುದು ಸ್ಟೋನರ್ ಪಕ್ಷದವರ ಪ್ರಶ್ನೆ.

ಸೈನ್ಯದ ಶಸ್ತ್ರಾಸ್ತ್ರ ಇಲಾಖೆಗೆ ಆ ಪ್ರಶ್ನೆ ರುಚಿಸಲಿಲ್ಲ. ಎಂ-14 ಅವರ ಸ್ವಂತ ಕೂಸು, 1957ರಲ್ಲಿ ತಾನೇ ಅಂಗೀಕಾರವಾಗಿತ್ತು. ಹೊರಗಿನವನೊಬ್ಬ ತಂದ ಪ್ಲಾಸ್ಟಿಕ್ ಕೋವಿಯನ್ನು ಅವರು ಪರೀಕ್ಷೆಯ ಮೇಲೆ ಪರೀಕ್ಷೆಗೆ ಒಡ್ಡಿದರು. ಅವುಗಳಲ್ಲಿ ಕೆಲವು ಎಂ-14 ಗೆಲ್ಲಲೆಂದೇ ಏರ್ಪಾಡಾದವು ಎಂದು ಸೈನ್ಯದ್ದೇ ಆಂತರಿಕ ತನಿಖೆ ಮುಂದೆ ಕಂಡುಕೊಂಡಿತು. ಬಾಗಿಲು ತೆರೆದದ್ದು ವಾಯುಪಡೆ. 1960ರ ಬೇಸಿಗೆಯ ಒಂದು ಸಂತೋಷಕೂಟದಲ್ಲಿ ಜನರಲ್ ಕರ್ಟಿಸ್ ಲೆಮೇ ಈ ರೈಫಲಿನಿಂದ ಕಲ್ಲಂಗಡಿ ಹಣ್ಣುಗಳಿಗೆ ಗುಂಡು ಹೊಡೆದು, ಅವು ಸಿಡಿದ ರೀತಿ ನೋಡಿ ಮರುಳಾದನಂತೆ. ವಾಯುನೆಲೆಗಳ ಕಾವಲಿಗೆ ಇದೇ ಇರಲಿ ಎಂದ. 1962ರಲ್ಲಿ 1,000 ರೈಫಲುಗಳು ಪರೀಕ್ಷಾರ್ಥ ದಕ್ಷಿಣ ವಿಯೆಟ್ನಾಮಿಗೆ ಹೋದವು. ಗಿಡ್ಡ ಮೈಕಟ್ಟಿನ ವಿಯೆಟ್ನಾಮಿ ಸೈನಿಕರಿಗೂ ಅವರ ಜೊತೆಗಿದ್ದ ಅಮೆರಿಕನ್ ಸಲಹೆಗಾರರಿಗೂ ಅದು ಹಿಡಿಸಿತು. ರಕ್ಷಣಾ ಸಚಿವ ರಾಬರ್ಟ್ ಮ್ಯಾಕ್‌ನಮಾರಾ ಎಂ-14ರ ತಯಾರಿ ನಿಲ್ಲಿಸಿ, 1963ರ ಕೊನೆಗೆ, ಎಆರ್-15 ತಯಾರಿಸುತ್ತಿದ್ದ ಕೋಲ್ಟ್ ಕಂಪನಿಯಿಂದ 1,04,000 ಹೊಸ ರೈಫಲುಗಳಿಗೆ ಆರ್ಡರ್ ಕೊಟ್ಟ.

ಇಲ್ಲಿಯವರೆಗೂ ಬಳಸಿದವರ ಅಭಿಪ್ರಾಯ ಒಳ್ಳೆಯದೇ. ಮುಂದಿನ ಎರಡು ವರ್ಷದಲ್ಲಿ ಕೋವಿ ನೋಡಲು ಹಾಗೆಯೇ ಇತ್ತು, ಒಳಗೆ ಬೇರೆಯಾಯಿತು.

ಮೊದಲನೆಯದು ಮದ್ದು. ಸ್ಟೋನರ್ ತನ್ನ ರೈಫಲನ್ನು ರೂಪಿಸಿದ್ದು ಡ್ಯೂಪಾಂಟ್ ಕಂಪನಿಯ ಕಡ್ಡಿಯಾಕಾರದ ಮದ್ದಿಗೆ. ಗುಂಡು ಸೆಕೆಂಡಿಗೆ 3,250 ಅಡಿ ವೇಗದಲ್ಲಿ ನಳಿಗೆ ಬಿಡಬೇಕು, ಒಳಗಿನ ಒತ್ತಡ ಮಾತ್ರ ಇಷ್ಟು ಮೀರಬಾರದು ಎಂದು ಸೈನ್ಯ ಬಿಗಿ ಷರತ್ತು ಹಾಕಿದಾಗ, ದೊಡ್ಡ ಪ್ರಮಾಣದಲ್ಲಿ ಅದನ್ನು ಸಾಧಿಸಲು ಆಗದು ಎಂದು ಡ್ಯೂಪಾಂಟ್ ಕೈಚೆಲ್ಲಿತು. 1964ರಲ್ಲಿ ಸೈನ್ಯ ಓಲಿನ್ ಕಂಪನಿಯ ಬಾಲ್ ಪೌಡರ್, ಅಂದರೆ ಹರಳು ಹರಳಾದ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಎಂ-14ರ ತೋಟಾಗಳಲ್ಲಿ ಅದೇ ಬಗೆಯ ಮದ್ದು ಆಗಲೇ ಬಳಕೆಯಲ್ಲಿತ್ತಾದ್ದರಿಂದ ಕಚೇರಿಯವರಿಗೆ ಅನುಮಾನ ಬರಲಿಲ್ಲ. ಆದರೆ ಎರಡು ರೈಫಲುಗಳ ಉಸಿರಾಟವೇ ಬೇರೆ. ಗುಂಡು ಹಾರಿದಾಗ ಹುಟ್ಟುವ ಅನಿಲದ ಒಂದು ಪಾಲನ್ನು ಎಂ-16 ಒಂದು ತೆಳ್ಳನೆಯ ಕೊಳವೆಯ ಮೂಲಕ ನೇರವಾಗಿ ತನ್ನ ಒಡಲಿಗೇ ಎಳೆದುಕೊಳ್ಳುತ್ತದೆ. ಆ ಅನಿಲವೇ ಬೋಲ್ಟನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟಾವನ್ನು ಹೊರಗೆಸೆದು, ಮುಂದಿನದನ್ನು ಒಳಗೆ ತರುತ್ತದೆ. ಅನಿಲದ ಜೊತೆ ಮಸಿಯೂ ಒಳಗೇ ಬರುತ್ತದೆ. ಕಡ್ಡಿ ಮದ್ದಿನ ಮಸಿ ಹೇಗೋ ಸಹನೀಯವಾಗಿತ್ತು. ಹರಳು ಮದ್ದಿನಲ್ಲಿ ಆಮ್ಲವನ್ನು ಶಮನ ಮಾಡಲು ಬೆರೆಸಿದ ಕ್ಯಾಲ್ಸಿಯಂ ಕಾರ್ಬೊನೇಟ್ ಇತ್ತು. ಅದು ಉರಿದಾಗ ಕೊಳವೆಯಲ್ಲೂ ಬೋಲ್ಟಿನ ಸುತ್ತಲೂ ಸುಣ್ಣದ ಹಕ್ಕಳೆಯಂತೆ ಗಟ್ಟಿಯಾಗಿ ಕೂತಿತು.

ಅಷ್ಟೇ ಆಗಿದ್ದರೆ ಒರೆಸಿಕೊಳ್ಳಬಹುದಿತ್ತು. ಹೊಸ ಮದ್ದಿನಿಂದ ಕೊಳವೆಗೆ ಬರುವ ಅನಿಲದ ಒತ್ತಡವೂ ಹೆಚ್ಚಿತು. ನಿಮಿಷಕ್ಕೆ ಸುಮಾರು 850 ಸುತ್ತಿನ ಮಿತಿಗೆ ಹೊಂದಿಸಿದ್ದ ಯಂತ್ರ 1,000ದ ಹತ್ತಿರ ಓಡತೊಡಗಿತು. ಆ ವೇಗದಲ್ಲಿ ಬೋಲ್ಟು ಹಿಂದಕ್ಕೆ ಜಗ್ಗುವ ಹೊತ್ತಿಗೆ, ಒತ್ತಡದಿಂದ ಹಿಗ್ಗಿದ ಹಿತ್ತಾಳೆಯ ತೋಟಾ ಇನ್ನೂ ಚೇಂಬರಿನ, ಅಂದರೆ ಗುಂಡು ಕೂರುವ ಗೂಡಿನ, ಗೋಡೆಗೆ ಕಚ್ಚಿಕೊಂಡೇ ಇರುತ್ತಿತ್ತು. ಬೋಲ್ಟಿನ ಕೊಕ್ಕೆ ತೋಟಾದ ಅಂಚನ್ನು ಹರಿದುಕೊಂಡು ಬಂದುಬಿಡುತ್ತಿತ್ತು, ತೋಟಾ ಅಲ್ಲೇ ಉಳಿಯುತ್ತಿತ್ತು, ಮುಂದಿನ ಗುಂಡು ಅದರ ಬೆನ್ನಿಗೆ ಹೋಗಿ ಗುದ್ದುತ್ತಿತ್ತು. ಗುಡ್ಡದ ಮೇಲಿನ ಸೈನಿಕರು ಕಂಡದ್ದು ಇದನ್ನೇ. ಹರಳು ಮದ್ದಿನಲ್ಲಿ ರೈಫಲ್ ಜಾಮ್ ಆಗುವ ಸಂಭವ ಆರು ಪಟ್ಟು ಹೆಚ್ಚು ಎಂದು ಪರೀಕ್ಷೆಗಳೇ ಹೇಳಿದ್ದವು.

ಎರಡನೆಯದು ಚೇಂಬರಿನ ಲೇಪ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳ ಮಳೆಯಲ್ಲಿ ತುಕ್ಕು ಹಿಡಿದ ಕೋವಿಗಳಿಂದ ಕಲಿತ ಪಾಠವಾಗಿ ಅಮೆರಿಕದ ಸೈನ್ಯ ನಳಿಗೆಯ ಒಳಗೆ ಕ್ರೋಮಿಯಂ ಲೇಪ ಕೊಡುವ ರೂಢಿ ಇಟ್ಟುಕೊಂಡಿತ್ತು. ಎಂ-14ಕ್ಕೆ ಅದು ಇತ್ತು. ಎಂ-16ಕ್ಕೆ ಇರಲಿಲ್ಲ. ಆ ರೈಫಲಿಗೆ ನೂರೆಂಟು ತಿದ್ದುಪಡಿ ಸೂಚಿಸಿದ ಇಲಾಖೆ, ಬೋಲ್ಟನ್ನು ಕೈಯಿಂದ ಒತ್ತಿ ಮುಚ್ಚಲು ಪಕ್ಕಕ್ಕೊಂದು ಗುಂಡಿ ಬೇಕೇ ಬೇಕು ಎಂದು ವಾಯುಪಡೆಯೊಡನೆ ವರ್ಷಗಟ್ಟಲೆ ಜಗಳವಾಡಿದ ಇಲಾಖೆ, ಇದೊಂದನ್ನು ಕೇಳಲಿಲ್ಲ. ವಿಯೆಟ್ನಾಮಿನ ಮಳೆಗಾಲದಲ್ಲಿ ಚೇಂಬರ್ ತುಕ್ಕು ಹಿಡಿದು ತರಿತರಿಯಾಯಿತು. ನುಣುಪಾದ ಗೋಡೆಗೇ ಕಚ್ಚುತ್ತಿದ್ದ ತೋಟಾ ಆ ಒರಟಿಗೆ ಸುಲಭವಾಗಿ ಬಿಟ್ಟೀತೇ?

ಮೂರನೆಯದನ್ನು ಹೇಳಲು ನಾಚಿಕೆಯಾಗಬೇಕು. ರೈಫಲ್ ಹಂಚಿದರು, ಅದನ್ನು ಉಜ್ಜುವ ಸಾಮಾನು ಹಂಚಲಿಲ್ಲ. ಇದಕ್ಕೆ ಸ್ವಚ್ಛತೆಯ ಗೋಜೇ ಇಲ್ಲ, ತನ್ನಷ್ಟಕ್ಕೆ ತಾನೇ ಶುದ್ಧವಾಗಿರುತ್ತದೆ ಎಂಬ ನಂಬಿಕೆ ಪಡೆಗಳಲ್ಲಿ ಹೇಗೋ ಹಬ್ಬಿತ್ತು. ಕ್ಲೀನಿಂಗ್ ರಾಡ್ ಎಂಬ ಉದ್ದನೆಯ ಕಡ್ಡಿ ಕೆಲವೆಡೆ ಒಂದು ತಂಡಕ್ಕೆ ಒಂದು. ತೋಟಾ ಕಚ್ಚಿಕೊಂಡಾಗ ಆ ಕಡ್ಡಿಯನ್ನು ನಳಿಗೆಯ ಬಾಯಿಯಿಂದ ತೂರಿಸಿ, ಗುದ್ದಿ, ಹೊರಗೆ ಬೀಳಿಸಬೇಕು. ಇನ್ನೂರು ವರ್ಷದ ಹಿಂದೆ ಬಾಯಿಯಿಂದ ಮದ್ದು ತುಂಬುವ ಕೋವಿಯವನು ಮಾಡುತ್ತಿದ್ದ ಕೆಲಸವನ್ನೇ ಜೆಟ್ ವಿಮಾನಗಳ ಕಾಲದ ಸೈನಿಕ ಮಾಡಬೇಕಾಯಿತು. ರಾಡ್ ಸಿಕ್ಕವರು ಅದನ್ನು ಅಂಟುಪಟ್ಟಿಯಿಂದ ಕೋವಿಗೇ ಬಿಗಿದುಕೊಂಡರು. ಸಿಗದವರು ರಾಡನ್ನೂ ಎಣ್ಣೆಯನ್ನೂ ಅಂಚೆಯಲ್ಲಿ ಕಳಿಸಿ ಎಂದು ಊರಿಗೆ ಬರೆದರು. 20 ಗುಂಡು ಹಿಡಿಸುವ ಮ್ಯಾಗಜಿನ್ನಿಗೆ 18ನ್ನೇ ತುಂಬುವುದು ರೂಢಿಯಾಯಿತು. ತುಂಬಿಸಿಟ್ಟರೆ ಒಳಗಿನ ಸ್ಪ್ರಿಂಗು ಸೋಲುತ್ತದೆ, ಗುಂಡು ಮೇಲೇರದು ಎಂಬುದು ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದ ಪಾಠ. ನಂಬಿಕೆ ಕಳೆದ ಸೈನಿಕ ವರದಿ ಬರೆಯುವುದಿಲ್ಲ. ಇಂಥ ಸಣ್ಣ ಸಣ್ಣ ಹುನ್ನಾರಗಳಲ್ಲಿ ತನ್ನ ಅಭಿಪ್ರಾಯ ಹೇಳುತ್ತಾನೆ.

ಈಗ ಹ್ಯಾಲ್ ಮೂರ್‌ನ ಹೊಗಳಿಕೆ ಅರ್ಥವಾಗುತ್ತದೆ. ಅವನ ದಳ ಅಮೆರಿಕದಲ್ಲೇ ರೈಫಲ್ ಪಡೆದು, ಅಭ್ಯಾಸ ಮಾಡಿ, ಅದರ ಗುಣಸ್ವಭಾವ ತಿಳಿದು ಹಡಗು ಹತ್ತಿದ ದಳ. 1967ರ ವಸಂತದಲ್ಲಿ ಮರೀನ್ ಹುಡುಗರಿಗಾದರೋ ಯುದ್ಧಭೂಮಿಯಲ್ಲೇ ಹಳೆಯದನ್ನು ಕಿತ್ತು ಹೊಸದನ್ನು ಕೈಗಿಟ್ಟರು. ಅಷ್ಟು ಹೊತ್ತಿಗೆ ಹರಳು ಮದ್ದಿನ ತೋಟಾ ಎಲ್ಲೆಡೆ ತುಂಬಿತ್ತು.

ಮೇಲಿನವರ ಉತ್ತರ ಒಂದೇ: ನೀವು ಕೋವಿಯನ್ನು ಸರಿಯಾಗಿ ಉಜ್ಜುತ್ತಿಲ್ಲ. ಮರೀನ್ ದಳದ ಮುಖ್ಯಸ್ಥ ಜನರಲ್ ವಾಲೆಸ್ ಗ್ರೀನ್ ಪತ್ರಕರ್ತರ ಮುಂದೆ ನಿಂತು ಎಂ-16ನ್ನು ಸಮರ್ಥಿಸಿದ. ತಪ್ಪು ಕೋವಿಯದಲ್ಲ, ಹಿಡಿದವನದು. ಒಬ್ಬ ಲೆಫ್ಟಿನೆಂಟ್‌ಗೆ ಇದನ್ನು ನುಂಗಲಾಗಲಿಲ್ಲ. ಜುಲೈ 21ರ ಒಂದೇ ಕಾಳಗದಲ್ಲಿ ತನ್ನ ಕಂಪನಿಯ 40 ಮಂದಿಯ ರೈಫಲುಗಳು ಖಾಲಿ ತೋಟಾ ಹೊರಹಾಕದೆ ನಿಂತುಹೋದವು ಎಂದು ಅವನು ಪತ್ರ ಬರೆದ. ಅಕ್ಟೋಬರ್ ಕೊನೆಗೆ ಅದು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಅಚ್ಚಾಯಿತು. ಕೊಳಕು ಸೈನಿಕರ ಗೊಣಗಾಟ ಎಂದು ತಳ್ಳಿಹಾಕಲು ಬರದ ಪತ್ರ ಅದು. ಬರೆದವನು ಅಧಿಕಾರಿ, ಹೆಸರು ಹಾಕಿ ಬರೆದಿದ್ದ, ಎಣಿಸಿ ಬರೆದಿದ್ದ.

ಇದೇ ಉತ್ತರವನ್ನು ಅದಕ್ಕೂ ಅರ್ಧ ಶತಮಾನದ ಹಿಂದೆ ಕೆನಡಾದ ಸೈನಿಕರು ಕೇಳಿಸಿಕೊಂಡಿದ್ದರು. ಮೊದಲ ಮಹಾಯುದ್ಧಕ್ಕೆ ಕೆನಡಾ ತನ್ನದೇ ರಾಸ್ ರೈಫಲ್ ಹೊತ್ತು ಹೋಯಿತು. ಸರ್ ಚಾರ್ಲ್ಸ್ ರಾಸ್ ರೂಪಿಸಿದ ಆ ಕೋವಿಯ ಬೋಲ್ಟನ್ನು ತಿರುಗಿಸಬೇಕಿಲ್ಲ, ನೇರ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರಾಯಿತು. ಗುರಿ ಅದ್ಭುತ. 1915ರ ಏಪ್ರಿಲ್ 22ರಂದು ಬೆಲ್ಜಿಯಮಿನ ಈಪ್ರ್ ಬಳಿ ಜರ್ಮನರು ಕ್ಲೋರಿನ್ ಅನಿಲ ಬಿಟ್ಟು ನುಗ್ಗಿದಾಗ, ಕೆಮ್ಮುತ್ತ ಕಣ್ಣೀರಿಡುತ್ತ ತಡೆದು ನಿಂತ ಕೆನಡಾದವರ ಕೈಯಲ್ಲಿ ಆ ರಾಸ್ ಸಿಕ್ಕಿಹಾಕಿಕೊಂಡಿತು. ನಾಲ್ಕಾರು ಬಾರಿ ಬೇಗಬೇಗ ಹಾರಿಸಿದರೆ ಬೋಲ್ಟು ಜಗ್ಗದು. ಅದನ್ನು ಬೂಟಿನಿಂದ ಒದ್ದರು, ಗುದ್ದಲಿಯ ಹಿಡಿಯಿಂದ ಬಡಿದರು. ಆ ಕಾಳಗದಲ್ಲಿ ಬದುಕುಳಿದ ಸುಮಾರು 5,000 ಮಂದಿಯಲ್ಲಿ 1,452 ಮಂದಿ ರಾಸನ್ನು ಬಿಸಾಡಿ, ಸತ್ತ ಬ್ರಿಟಿಷರ ಲೀ-ಎನ್‌ಫೀಲ್ಡ್ ಎತ್ತಿಕೊಂಡಿದ್ದರು. ಸರ್ಕಾರಿ ಕೋವಿ ಬಿಸಾಡುವುದು ಸೈನ್ಯದಲ್ಲಿ ಸಣ್ಣ ಅಪರಾಧವಲ್ಲ. ಅಭಿಪ್ರಾಯ ಸಂಗ್ರಹ ಎಂದರೆ ನನ್ನ ಪಾಲಿಗೆ ಅದೇ. ಯಾವ ನಮೂನೆ ತುಂಬಿಸಿದರೂ ಅಷ್ಟು ಸ್ಪಷ್ಟ ಉತ್ತರ ಬರಲಾರದು.

ಒಟ್ಟಾವಾದಲ್ಲಿ ಕೂತ ಸೇನಾ ಸಚಿವ ಸ್ಯಾಮ್ ಹ್ಯೂಸ್‌ಗೆ ರಾಸ್ ರೈಫಲ್ ದೇಶದ ಮಾನದ ಪ್ರಶ್ನೆ. ತಪ್ಪು ಬ್ರಿಟಿಷ್ ತೋಟಾಗಳದ್ದು ಎಂದು ಹಠ ಹಿಡಿದ. ಅದರಲ್ಲಿ ನಿಜವೂ ಇತ್ತು. ರಾಸ್‌ನ ಬಿಗಿಯಾದ ಚೇಂಬರಿಗೆ ಬ್ರಿಟನ್ನಿನ ಯುದ್ಧಕಾಲದ ಒರಟು ತೋಟಾ ಒಗ್ಗುತ್ತಿರಲಿಲ್ಲ. ಆದರೆ ಕಂದಕದಲ್ಲಿ ಸಿಗುತ್ತಿದ್ದದ್ದು ಅದೇ ತೋಟಾ, ಅದೇ ಕೆಸರು. ಜನರಲ್ ಆಲ್ಡರ್ಸನ್ ಸೈನಿಕರ ದೂರನ್ನು ಮೇಲಕ್ಕೆ ಒಯ್ದು ಹ್ಯೂಸ್‌ನ ಕೋಪಕ್ಕೆ ತುತ್ತಾಗಿ, ಕೆನಡಾ ಪಡೆಯ ನಾಯಕತ್ವ ಕಳೆದುಕೊಂಡ. ಕೊನೆಗೆ ಸೋತದ್ದು ರಾಸ್ ರೈಫಲೇ. 1916ರಲ್ಲಿ ಅದನ್ನು ಕಾಲಾಳುಗಳಿಂದ ಹಿಂತೆಗೆದುಕೊಂಡರು, ಆ ವರ್ಷದ ನವೆಂಬರ್‌ನಲ್ಲಿ ಹ್ಯೂಸ್ ಕೂಡ ಹೋದ. ತಮಾಷೆಯೆಂದರೆ ಸ್ನೈಪರುಗಳು ಅದನ್ನು ಬಿಟ್ಟುಕೊಡಲಿಲ್ಲ. ಆರಿಸಿದ ತೋಟಾ, ಒರೆಸಿದ ಬೋಲ್ಟು, ಗಂಟೆಗೆ ಒಂದೋ ಎರಡೋ ಗುಂಡು. ಅವರ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕೋವಿ ಇರಲಿಲ್ಲ.

ವಿಯೆಟ್ನಾಮಿನ ಸೈನಿಕರ ಅದೃಷ್ಟಕ್ಕೆ ಅವರ ದೂರು ಕೇಳಲು ಒಂದು ಸಮಿತಿ ಕೂತಿತು. ಮಿಸೌರಿಯ ಸಂಸದ ರಿಚರ್ಡ್ ಇಕಾರ್ಡ್ ಅದರ ಮುಖ್ಯಸ್ಥ. 1967ರ ಬೇಸಿಗೆಯಲ್ಲಿ ಸಮಿತಿಯವರು ವಿಯೆಟ್ನಾಮಿಗೇ ಹೋಗಿ ಸೈನಿಕರನ್ನು ಮಾತಾಡಿಸಿದರು, ವಾಷಿಂಗ್ಟನ್ನಿನಲ್ಲಿ ಅಧಿಕಾರಿಗಳನ್ನೂ ಕಂಪನಿಯವರನ್ನೂ ಕರೆಸಿ ಕೇಳಿದರು. ಮದ್ದು ಬದಲಿಸಿದ್ದರ ಬಗ್ಗೆ ತನ್ನ ಸಲಹೆ ಕೇಳಿದ್ದು ನಿರ್ಧಾರವೆಲ್ಲ ಮುಗಿದ ಮೇಲೆ ಎಂದು ಸ್ಟೋನರ್ ಸಾಕ್ಷ್ಯ ಹೇಳಿದ. ಇನ್ನೊಂದು ವಿಷಯ ಹೊರಬಂತು. ಹರಳು ಮದ್ದಿನಲ್ಲಿ ಹಾರಿಸಿದರೆ ರೈಫಲುಗಳು ವೇಗದ ಮಿತಿ ಮೀರಿ ಕಾರ್ಖಾನೆಯ ಪರೀಕ್ಷೆಯಲ್ಲೇ ನಪಾಸಾಗುತ್ತವೆ ಎಂದು ಕೋಲ್ಟ್ ಕಂಪನಿ ತಕರಾರು ತೆಗೆದಾಗ, ಹಾಗಿದ್ದರೆ ಪರೀಕ್ಷೆಗೆ ಹಳೆಯ ಕಡ್ಡಿ ಮದ್ದನ್ನೇ ಬಳಸಿಕೊಳ್ಳಿ ಎಂದು ಸೈನ್ಯ ಅನುಮತಿ ಕೊಟ್ಟಿತ್ತು. ಪಾಸಾಗಲು ಒಂದು ಮದ್ದು, ಕಾದಾಡಲು ಇನ್ನೊಂದು. ಈ ಇಡೀ ಕತೆಯಲ್ಲಿ ನನಗೆ ಅರಗಿಸಿಕೊಳ್ಳಲಾಗದ್ದು ಇದೊಂದೇ. ಉಳಿದ ತಪ್ಪುಗಳಿಗೆ ಅಜ್ಞಾನ, ಅವಸರ, ಒಣಜಂಬ ಎಂದು ಏನಾದರೂ ಕಾರಣ ಹೇಳಬಹುದು. ಇಲ್ಲಿ ಗೊತ್ತಿದ್ದೂ ಕಾಗದ ಸರಿಮಾಡಿಕೊಂಡರು.

ಅಕ್ಟೋಬರ್‌ನಲ್ಲಿ ಬಂದ ವರದಿ ಮುಚ್ಚುಮರೆ ಮಾಡಲಿಲ್ಲ. ದೋಷ ಸರಿಪಡಿಸದೆ ಹರಳು ಮದ್ದಿನ ತೋಟಾ ಕಳಿಸುತ್ತಲೇ ಇದ್ದದ್ದು ಅಪರಾಧಕ್ಕೆ ಸಮವಾದ ನಿರ್ಲಕ್ಷ್ಯದ ಅಂಚು ಮುಟ್ಟಿದೆ ಎಂದು ಬರೆಯಿತು.

ದುರಸ್ತಿ ಅಷ್ಟರಲ್ಲಿ ಶುರುವಾಗಿತ್ತು. ಬೋಲ್ಟಿನ ಓಟಕ್ಕೆ ಕಡಿವಾಣ ಹಾಕಲು ಹಿಂಬದಿಯ ಬಫರನ್ನು ಭಾರ ಮಾಡಿದರು. 1967ರ ನಡುವಿನಿಂದ ಚೇಂಬರಿಗೆ ಕ್ರೋಮಿಯಂ ಬಂತು, ಮುಂದೆ ನಳಿಗೆಗೂ ಬಂತು. ಮದ್ದಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪ್ರಮಾಣ ಇಳಿಸಿದರು. ರಾಡು, ಬ್ರಷ್ಷು, ಎಣ್ಣೆ ತಲುಪಿದವು, ಅವನ್ನಿಡಲು ಹಿಡಿಯಲ್ಲೇ ಒಂದು ಗೂಡು ಮಾಡಿದರು. 1968ರಲ್ಲಿ ಸೈನ್ಯ ಒಂದು ಚಿತ್ರಪುಸ್ತಕವನ್ನೇ ಹಂಚಿತು. ಬರೆದವನು 'ದಿ ಸ್ಪಿರಿಟ್' ಕಾಮಿಕ್ಸ್‌ನ ವಿಲ್ ಐಸ್ನರ್. ರೈಫಲನ್ನು ಹುಡುಗಿಯಂತೆ ಚಿತ್ರಿಸಿ, ಅವಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಪೋಲಿ ಧಾಟಿಯಲ್ಲಿ ಹೇಳುವ ಪುಸ್ತಕ. ಇಂದು ಓದಿದರೆ ಮುಜುಗರವಾಗುತ್ತದೆ, ಆದರೆ ಇಪ್ಪತ್ತರ ಹುಡುಗರು ಅದನ್ನು ಓದಿದರು. ಸರ್ಕಾರಿ ಕೈಪಿಡಿಗಳಿಗೆ ಆ ಭಾಗ್ಯ ಅಪರೂಪ.

ಸೈನಿಕರ ಅಭಿಪ್ರಾಯ ಅಳೆಯುವವರಿಗೆ ತಲೆನೋವು ತರುವ ಸಂಗತಿ ಮುಂದಿದೆ. 1967ರಲ್ಲಿ ಪ್ರಶ್ನಿಸಿದ 1,585 ಸೈನಿಕರಲ್ಲಿ ಶೇಕಡಾ 80 ಮಂದಿ ಗುಂಡು ಹಾರಿಸುವಾಗ ರೈಫಲ್ ನಿಂತುಹೋದ ಅನುಭವ ಹೇಳಿದ್ದರು. ಮರುವರ್ಷ 2,100 ಮಂದಿಯನ್ನು ಕೇಳಿದಾಗ ಎಂ-16 ಬದಲು ಬೇರೆ ಆಯುಧ ಬೇಕೆಂದವರು 38 ಮಂದಿ ಮಾತ್ರ. ಆ 38ರಲ್ಲೂ 35 ಮಂದಿ ಕೇಳಿದ್ದು ಅದೇ ರೈಫಲಿನ ಗಿಡ್ಡ ರೂಪವನ್ನು! ಒಂದು ವರ್ಷದಲ್ಲಿ ಆದ ದುರಸ್ತಿ ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವೂ ಇದೆ. ನಿನ್ನ ಕೋವಿ ಕೈಕೊಟ್ಟಿತೇ ಎಂದು ಕೇಳುವುದು ಬೇರೆ, ಅದನ್ನು ಬಿಟ್ಟುಕೊಡುತ್ತೀಯಾ ಎಂದು ಕೇಳುವುದು ಬೇರೆ. 2006ರಲ್ಲಿ ಅಮೆರಿಕದ ಸಿಎನ್‌ಎ ಸಂಸ್ಥೆ ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ 2,600ಕ್ಕೂ ಹೆಚ್ಚು ಸೈನಿಕರನ್ನು ಕೇಳಿದಾಗಲೂ ಹೀಗೇ ಆಯಿತು. ಎಂ-16ರ ಸಂತತಿಯಾದ ಎಂ-4 ಹೊತ್ತವರಲ್ಲಿ ಶೇಕಡಾ 89 ಮಂದಿ ತೃಪ್ತರು. ಅದೇ ಎಂ-4 ಹೊತ್ತವರಲ್ಲಿ ಶೇಕಡಾ 19 ಮಂದಿ, ಕಾಳಗದ ನಡುವೆ ಅದು ನಿಂತುಹೋಗಿತ್ತು ಎಂದರು. ಒಂದೇ ವರದಿಯಿಂದ ಯಾರಿಗೆ ಯಾವ ಅಂಕಿ ಬೇಕೋ ಅದನ್ನು ಹೆಕ್ಕಿಕೊಳ್ಳಬಹುದು, ಹೆಕ್ಕಿಕೊಂಡರು ಕೂಡ.

ಶತ್ರುವಿನ ಕೋವಿಯ ಬಗ್ಗೆ ಸೈನಿಕರು ಆಡುವ ಮಾತನ್ನು ಇನ್ನೂ ಎಚ್ಚರದಿಂದ ಕೇಳಬೇಕು. ವಿಯೆಟ್ನಾಮಿನಲ್ಲಿ ಎಕೆ-47 ಒಂದು ಪುರಾಣವಾಯಿತು. ಕೆಸರಿನಲ್ಲಿ ಹೂತಿದ್ದನ್ನು ತೆಗೆದು ಒದರಿ ಹಾರಿಸಿದರು ಎಂಬ ಕತೆ ಹೇಳದ ಮಾಜಿ ಸೈನಿಕನೇ ಇಲ್ಲವೇನೋ. ಅದರಲ್ಲಿ ಸತ್ಯ ಸಾಕಷ್ಟಿದೆ. ಕಲಾಶ್ನಿಕೋವ್‌ನ ಯಂತ್ರದ ಬಿಡಿಭಾಗಗಳ ನಡುವೆ ಮರಳು ಮಸಿಗೆ ಜಾಗ ಬಿಟ್ಟಿದೆ, ತೋಟಾ ಮುಂದಕ್ಕೆ ಚೂಪಾಗಿರುವುದರಿಂದ ಚೇಂಬರಿನಿಂದ ಸಲೀಸಾಗಿ ಕಳಚುತ್ತದೆ, ಒಳಗೆ ಕ್ರೋಮಿಯಂ ಇದೆ. ಆದರೆ ಅಮೆರಿಕನ್ ಸೈನಿಕನಿಗೆ ಕಂಡದ್ದು ತನ್ನ ಮೇಲೆ ಗುಂಡು ಹಾರಿಸಿದ ಎಕೆಗಳು ಮಾತ್ರ. ಎದುರಿನ ಪೊದೆಯಲ್ಲಿ ನಿಂತುಹೋದ ಎಕೆಯ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ವಶಪಡಿಸಿಕೊಂಡ ಎಕೆ ಹೊತ್ತು ತಿರುಗಿದವರೂ ಇದ್ದರು, ಹೆಚ್ಚು ಮಂದಿಯಲ್ಲ. ಆ ಕೋವಿಯ ಸದ್ದೇ ಬೇರೆ, ಕೇಳಿದೊಡನೆ ಸ್ವಂತ ಕಡೆಯವರೇ ಅತ್ತ ಗುಂಡು ಹಾರಿಸುವ ಅಪಾಯ.

ಕಚೇರಿಯ ಉತ್ತರ ಯಾವಾಗಲೂ ಸುಳ್ಳೆಂದು ತೀರ್ಮಾನಿಸುವುದೂ ಆತುರವಾದೀತು. ಬ್ರಿಟನ್ನಿನ ಎಸ್‌ಎ-80 ರೈಫಲ್ 1991ರ ಕೊಲ್ಲಿ ಯುದ್ಧದ ಮರಳಿನಲ್ಲಿ ಹೆಸರು ಕೆಡಿಸಿಕೊಂಡು, ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಕಂಪನಿಯ ಕೈಯಲ್ಲಿ ರಿಪೇರಿಯಾಗಿ ಬಂತು. 2002ರಲ್ಲಿ ಅಫ್ಘಾನಿಸ್ತಾನದಿಂದ ಮತ್ತೆ ದೂರು ಬಂದಾಗ ರಕ್ಷಣಾ ಇಲಾಖೆ ತಂಡ ಕಳಿಸಿ ಪರೀಕ್ಷಿಸಿತು. ಆ ಸಲ ತೊಂದರೆ ನಿಜಕ್ಕೂ ಸ್ವಚ್ಛಗೊಳಿಸುವ ವಿಧಾನದಲ್ಲಿತ್ತು ಎಂಬುದು ಅವರ ತೀರ್ಮಾನ. ಹೋಗಿ ನೋಡಿ ಹೇಳಿದರು ಎಂಬುದು ಮುಖ್ಯ. ಕೋವಿ ಜಾಮ್ ಆಯಿತು ಎಂಬುದು ಸೈನಿಕನಿಗೆ ಗೊತ್ತು. ಯಾಕೆ ಆಯಿತು ಎಂಬುದು ಅವನಿಗೆ ಗೊತ್ತಿರಬೇಕಾಗಿಲ್ಲ, ಅದು ಕಂಡುಹಿಡಿಯಬೇಕಾದವರ ಕೆಲಸ. 881ರ ಗುಡ್ಡದ ಮೇಲಿದ್ದ ಯಾರಿಗೂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಹೆಸರು ಹೊಳೆದಿರಲಾರದು.

ನಮ್ಮ ದೇಶದ್ದೂ ಒಂದು ಅಧ್ಯಾಯ ಇದೆ. 1962ರಲ್ಲಿ ನಮ್ಮ ಸೈನಿಕರು ಹಿಮಾಲಯದಲ್ಲಿ ಚೀನೀಯರನ್ನು ಎದುರಿಸಿದ್ದು ಬೋಲ್ಟ್ ಎಳೆದೆಳೆದು ಹಾರಿಸುವ .303 ರೈಫಲಿನಿಂದ. ಅಲ್ಲಿಂದ ಎಸ್‌ಎಲ್‌ಆರ್ ಹಾದು, ಪುಣೆಯ ಎಆರ್‌ಡಿಇ ಪ್ರಯೋಗಾಲಯ ರೂಪಿಸಿದ 5.56 ಮಿಲಿಮೀಟರಿನ ಇನ್ಸಾಸ್ 1990ರ ದಶಕದ ಕೊನೆಗೆ ಕೈಗೆ ಬಂತು. 1999ರಲ್ಲಿ ಕಾರ್ಗಿಲ್‌ನ ಚಳಿಗೆ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಟ್ಟಿತು, ಹಾರಿಸುವಾಗ ಎಣ್ಣೆ ಕಣ್ಣಿಗೆ ಸಿಡಿಯಿತು, ಮೂರು ಗುಂಡಿನ ಬದಲು ನಿಲ್ಲದೆ ಹಾರಿತು ಎಂಬ ದೂರುಗಳು ಪತ್ರಿಕೆಗಳಲ್ಲಿ ಬಂದವು. 2005ರ ಆಗಸ್ಟ್‌ನಲ್ಲಿ ನೇಪಾಳದ ಕಾಲೀಕೋಟ್ ಜಿಲ್ಲೆಯ ಪಿಲಿಯಲ್ಲಿ ಮಾವೋವಾದಿಗಳ ದಾಳಿಗೆ 40ಕ್ಕೂ ಹೆಚ್ಚು ಸೈನಿಕರು ಸತ್ತಾಗ, ಭಾರತ ಕೊಟ್ಟ ಇನ್ಸಾಸ್ ದೀರ್ಘ ಕಾಳಗದಲ್ಲಿ ಕೈಕೊಟ್ಟಿತು ಎಂದು ನೇಪಾಳದ ಸೈನ್ಯ ಬಹಿರಂಗವಾಗಿ ಹೇಳಿತು. ಭಾರತದ ಕಡೆಯ ಉತ್ತರವನ್ನು ಓದುಗರು ಇಷ್ಟರಲ್ಲಿ ಊಹಿಸಿರಬೇಕು: ಸರಿಯಾಗಿ ಬಳಸಿ ಜೋಪಾನ ಮಾಡಿದ್ದರೆ ಹಾಗಾಗುತ್ತಿರಲಿಲ್ಲ. ಇರಬಹುದು, ಇಲ್ಲದಿರಬಹುದು. ಮುಂದಿನ ವರ್ಷಗಳಲ್ಲಿ ನಮ್ಮದೇ ಸಿಆರ್‌ಪಿಎಫ್ ಇನ್ಸಾಸ್ ಬದಲು ಎಕೆ ಕೊಡಿ ಎಂದು ಕೇಳಿತು. ಈಗ ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೋರ್ವಾದಲ್ಲಿ ಎಕೆ-203 ತಯಾರಾಗುತ್ತಿದೆ.

ಎಂ-16ರ ವಂಶದ ಸರದಿಯೂ ಮುಗಿಯುತ್ತ ಬಂದಿದೆ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನ್ಯ 6.8 ಮಿಲಿಮೀಟರಿನ ದೊಡ್ಡ ಗುಂಡಿಗೆ ಮರಳಿ, ಸಿಗ್ ಸಾವರ್ ಕಂಪನಿಯ ಹೊಸ ರೈಫಲನ್ನು ಆರಿಸಿತು. 2025ರ ವಸಂತದಲ್ಲಿ ಒಬ್ಬ ಕ್ಯಾಪ್ಟನ್, ಅದನ್ನು ಬಳಸುತ್ತಿದ್ದ ಸೈನಿಕರನ್ನು ಮಾತಾಡಿಸಿ, ಈ ಕೋವಿ ಭಾರವಾಯಿತು, 20 ಗುಂಡಿನ ಮ್ಯಾಗಜಿನ್ ಸಾಲದು, ನಳಿಗೆಯಲ್ಲಿ ಗೀರು ಬೀಳುತ್ತಿದೆ ಎಂದು ಸಭೆಯೊಂದರಲ್ಲಿ ಪ್ರಬಂಧ ಮಂಡಿಸಿದ. ಕಂಪನಿ ಎಲ್ಲವನ್ನೂ ಅಲ್ಲಗಳೆಯಿತು. ಕೆಲವೇ ವಾರಗಳಲ್ಲಿ, ಮೇ ತಿಂಗಳಲ್ಲಿ, ಸೈನ್ಯ ಆ ರೈಫಲಿಗೆ ಎಂ-7 ಎಂಬ ಅಧಿಕೃತ ಹೆಸರು ಕೊಟ್ಟು ಅಂಗೀಕಾರದ ಮುದ್ರೆ ಒತ್ತಿತು.